ನೀರಿನ ಹಗೇವು

ಬಯಲುಸೀಮೆಯ ಒಕ್ಕಲಿಗನು ಜೋಳವನ್ನು ಹಗೇವಿನಲ್ಲಿ ಹೂಳಿಟ್ಟು ಬರಗಾಲವನ್ನು ಗೆದ್ದವನು. ಸುಗ್ಗಿಯ ಕಾಳು ನೆಲದೊಳಕ್ಕಿಳಿಯುವುದನ್ನು ಕಂಡು, ಅದು ಹಾಳಾಯಿತೆಂದು ಯಾರೂ ಗೋಳಿಡಲಿಲ್ಲ. ಆದರೆ ಆತನ ಮೊಮ್ಮಕ್ಕಳೂ, ಅವರಿಗೆ ಬುದ್ಧಿ ಹೇಳುವ ತಜ್ಞರೂ, ನೆಲದೊಳಕ್ಕಿಳಿದ ನೀರನ್ನು ಮಾತ್ರ ನಷ್ಟದ ಬಾಬಿಗೆ ಬರೆಯುವರು. ಕಣ್ಣಿಗೆ ಕಾಣುವ ಜಲಾಶಯವೊಂದೇ ಸಂಗ್ರಹ, ಮಿಕ್ಕದ್ದೆಲ್ಲ ಸೋರಿಕೆ ಎಂಬುದು ಈ ಕಾಲದ ಮೂಢನಂಬಿಕೆಗಳಲ್ಲಿ ಒಂದಾಗಿದೆ.

ಈ ನಂಬಿಕೆಯ ಫಲವನ್ನು ಕಾಣಬಯಸುವವರು ಶಹಾಪುರ ತಾಲೂಕಿನ ಭೀಮರಾಯನಗುಡಿಯ ಸುತ್ತಿನ ಹೊಲಗಳಲ್ಲಿ ಒಂದು ಸಲ ತಿರುಗಾಡಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿಯಿರುವುದು ಅಲ್ಲಿಯೇ. ಕೃಷಿ ಮಹಾವಿದ್ಯಾಲಯವಿರುವುದೂ ಅಲ್ಲಿಯೇ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅದರ ಎಡದಂಡೆಯ ಕಾಲುವೆಯ ನೀರು ಕ್ರಮೇಣ ಸುರಪುರ, ಶಹಾಪುರಗಳ ಎರೆನೆಲವನ್ನು ಮುಟ್ಟಿತು. ಯೋಜಿಸಿದವರು ಎಣಿಸಿದ್ದು ಜೋಳ, ಶೇಂಗಾ, ಹತ್ತಿ ಮೊದಲಾದ ಮಿತನೀರಿನ ಬೆಳೆಗಳನ್ನು. ಕಾಲುವೆಯ ತಲೆಯಲ್ಲಿದ್ದವರು ಬೆಳೆದದ್ದು ಭತ್ತವನ್ನು. ತಲೆಯ ಕಡೆ ನೆಲ ಜೌಗಾಗಿ, ಸವಳೇರಿ, ಹೊಲ ಬೆಳ್ಳಗಾಯಿತು. ಬಾಲದ ಕಡೆಯ ರೈತನು ಒಣಗಿದ ಉಪಕಾಲುವೆಯನ್ನು ನೋಡುತ್ತ ಕುಳಿತನು. ಒಂದೇ ನದಿಯ ನೀರು ಒಬ್ಬನನ್ನು ಮುಳುಗಿಸಿ ಇನ್ನೊಬ್ಬನನ್ನು ಒಣಗಿಸಿತು.

ಇಲ್ಲಿ ನೀರು ನೆಲದೊಳಗೆ ಸಂಗ್ರಹವಾಗಿಲ್ಲವೆಂದು ಹೇಳುವಂತಿಲ್ಲ. ಸಂಗ್ರಹವಾಗಿದೆ, ಆದರೆ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಯಾರೂ ಅದನ್ನು ತೆಗೆದು ಬಳಸುತ್ತಿಲ್ಲ. ಹಗೇವಿನ ಬಾಯನ್ನು ತೆರೆಯದೆ ವರ್ಷ ವರ್ಷವೂ ಕಾಳು ಸುರಿದರೆ ಅದು ಮುಗ್ಗದೆ ಇರುವುದೆ? ತಲೆಯ ಕಡೆಯವರು ತಮ್ಮ ಕಾಲಡಿಯ ನೀರನ್ನು ಬಾವಿಗಳಿಂದೆತ್ತಿ ಬೆಳೆದು, ಕಾಲುವೆಯ ನೀರನ್ನು ಬಾಲಕ್ಕೆ ಬಿಡುವುದೇ ನ್ಯಾಯ. ಅದರಿಂದ ಜೌಗು ತಗ್ಗುವುದು, ಮುಂದಿನ ಮಳೆಗೆ ನೆಲದಲ್ಲಿ ಜಾಗವಾಗುವುದು, ಎರಡನೆಯ ಬೆಳೆಗೆ ಕಾಲುವೆ ಬರಿದಾದ ವರ್ಷವೂ ಕೈಯಲ್ಲಿ ನೀರಿರುವುದು. ನೀರೇ ಉಪ್ಪಾಗಿಹೋದ ಕಡೆ ಮಾತ್ರ ಬಸಿಗಾಲುವೆಯ ಹೊರತು ಗತಿಯಿಲ್ಲ.

ಇದಕ್ಕೆ ಮೂರು ಆಕ್ಷೇಪಗಳನ್ನು ಎತ್ತುವರು.

ಅಣೆಕಟ್ಟಿರುವಾಗ ನೆಲದೊಳಗಿನ ಸಂಗ್ರಹವೇಕೆಂಬುದು ಮೊದಲನೆಯದು. ದಖನಿನ ಬಿಸಿಲು ಬಯಲು ಜಲಾಶಯದ ಮೇಲಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆಳದ ನೀರನ್ನು ಹೀರುವುದು. ನೆಲದಾಳದ ನೀರಿಗೆ ಆ ಭಯವಿಲ್ಲ. ಅಣೆಕಟ್ಟು ಬೇಡವೆಂದು ಯಾರೂ ಹೇಳಲಾರರು. ಅದೊಂದೇ ಸಾಕೆಂಬುದು ಮಾತ್ರ ತಪ್ಪು.

ಈ ಸೀಮೆಯ ಬಂಡೆ ನೀರನ್ನು ಹಿಡಿಯದೆಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಭೂಮಿಯೊಳಗಿನ ನೀರು ಮನುಷ್ಯಶರೀರದ ಸಿರೆಗಳಂತೆ ಕೆಲವೆಡೆ ಮೇಲೆಯೂ ಕೆಲವೆಡೆ ಆಳದಲ್ಲಿಯೂ ಹರಿಯುವುದೆಂದು ಆರನೆಯ ಶತಮಾನದ ವರಾಹಮಿಹಿರನು ದಕಾರ್ಗಲಾಧ್ಯಾಯದಲ್ಲಿ ಹೇಳಿದ್ದಾನೆ. ಬಂಡೆಯ ಮೇಲಿನ ಶಿಥಿಲವಾದ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವುದು. ಆ ಶಿಥಿಲ ಪದರದಿಂದ ನಮ್ಮ ಕೈಗೆ ಬರುವುದು ನೂರರಲ್ಲಿ ಒಂದೆರಡು ಪಾಲು ಅಷ್ಟೆ. ಆದರೂ ಎರಡು ಪಾಲೆಂದೇ ಹಿಡಿದರೆ, ಒಂದು ಹೆಕ್ಟೇರಿನಲ್ಲಿ ನೀರಿನ ಮಟ್ಟ ಒಂದು ಮೀಟರು ಏರಿದಾಗ 2 ಲಕ್ಷ ಲೀಟರು ಉಳಿಯುವುದು. ಒಂದು ಊರಿನ ಸೀಮೆಯಷ್ಟಗಲ ಇದನ್ನು ಗುಣಿಸಿದರೆ ಅದು ಅಲ್ಪವೆನಿಸದು. ಎರೆನೆಲದಲ್ಲಿ ಕುಣಿ ತೋಡಿ ಕೈತೊಳೆದುಕೊಂಡರೆ ಕೆಲಸವಾಗದು. ನೆನೆದು ಉಬ್ಬಿದ ಎರೆ ನೀರನ್ನು ಕೆಳಗೆ ಬಿಡದು. ಮೊರಮಿರುವ ಏರುನೆಲವನ್ನು ಆರಿಸಬೇಕು, ಹಳೆಯ ಕೆರೆಗಳ ಹೂಳೆತ್ತಬೇಕು. ಹಗೇವನ್ನೂ ಹಿರಿಯರು ತಗ್ಗಿನಲ್ಲಿ ತೋಡಲಿಲ್ಲ.

ಮೂರನೆಯದೇ ನಿಜವಾದ ಆಕ್ಷೇಪ. ಒಬ್ಬನು ಇಂಗಿಸಿದ ನೀರನ್ನು ನೆರೆಯವನ ಕೊಳವೆಬಾವಿ ಎಳೆದುಕೊಳ್ಳುವುದಾದರೆ ಇಂಗಿಸುವವನಾರು? ನೆಲದೊಡೆಯನು ತನ್ನ ನೆಲದಡಿಯ ನೀರನ್ನು ಮನಬಂದಂತೆ ಎತ್ತಬಹುದೆಂಬ ವಾಡಿಕೆಗೆ 1882ರ ಸುಖಾಧಿಕಾರ ಕಾಯಿದೆಯ ಬೆಂಬಲವೂ ಉಂಟು. ಅಂತರ್ಜಲವನ್ನು ನಿಯಂತ್ರಿಸಲು ಕರ್ನಾಟಕವು 2011ರಲ್ಲಿ ಕಾಯಿದೆ ಮಾಡಿತು; ಆದರೆ ಊರವರು ಒಪ್ಪಿ ನಡೆಯದ ಕಾಯಿದೆ ಕಾಗದದಲ್ಲಿಯೇ ಉಳಿಯುವುದು. ಅಮೇರಿಕೆಯ ಅರಿಝೋನಾ ಸಂಸ್ಥಾನವು ಕೊಲೊರಾಡೋ ನದಿಯಲ್ಲಿ ತನ್ನ ಪಾಲಿಗೆ ಬಂದು ಬಳಕೆಯಾಗದೆ ಉಳಿದ ನೀರನ್ನು ನೆಲದೊಳಗಿಡಲು 1996ರಲ್ಲಿ ಒಂದು ಪ್ರಾಧಿಕಾರವನ್ನೇ ರಚಿಸಿತು. ಅಲ್ಲಿ ಇಳಿಸಿದ್ದಕ್ಕೆ ಜಮೆ ಬರೆಯುವರು, ತೆಗೆದದ್ದಕ್ಕೆ ಖರ್ಚು ಬರೆಯುವರು. ಆ ನಾಡಿನವರು ಕಂಡುಕೊಂಡದ್ದು ಈ ಖಾತೆಯನ್ನೇ ಹೊರತು ಹೊಸ ನೀರನ್ನಲ್ಲ.

ನಮ್ಮ ನಾಡಿನಲ್ಲಿಯೂ ಒಂದು ಪಾಠವಿದೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುತ್ತ ಬಂದಿದ್ದಾರೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮೇಲೆದ್ದಿತು. ಮೂರನೆಯ ಹಂತದ ಶುದ್ಧಿಯೂ ಬೇಕೆಂಬ ಅಲ್ಲಿಯ ರೈತರ ಕೂಗನ್ನು ಹಟವೆಂದು ತಳ್ಳಿಹಾಕಲಾಗದು. ಕೊಡ ಕೆಟ್ಟರೆ ತೊಳೆಯಬಹುದು, ಭೂಗರ್ಭ ಕೆಟ್ಟರೆ ತೊಳೆಯುವವರಿಲ್ಲ.

ಆದುದರಿಂದ ಪ್ರತಿಯೊಂದು ಗ್ರಾಮಪಂಚಾಯತಿಯ ಗೋಡೆಯ ಮೇಲೆ ಊರ ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆಯತಕ್ಕದ್ದು. ಮಟ್ಟ ಇಳಿದರೆ ಯಾವ ಬೆಳೆಯನ್ನು ಬಿಡಬೇಕೆಂಬುದನ್ನು ಊರೇ ಬಿತ್ತನೆಗೆ ಮುಂಚೆ ಗೊತ್ತುಮಾಡತಕ್ಕದ್ದು. ಅಳತೆಯಿಲ್ಲದೆ ಇಂಗಿಸುವುದು ಪುಣ್ಯಕಾರ್ಯವೆನಿಸಿಕೊಳ್ಳಬಹುದು, ಸಂಗ್ರಹವೆನಿಸಿಕೊಳ್ಳಲಾರದು. ಹಗೇವಿನ ಜೋಳ ಬರಗಾಲದಲ್ಲಿ ಊರನ್ನು ಕಾಯ್ದದ್ದು, ಎಷ್ಟು ಚೀಲ ಇಳಿಯಿತು, ಎಷ್ಟು ಚೀಲ ಏರಿತು ಎಂಬುದನ್ನು ಯಜಮಾನನು ತಿಳಿದಿದ್ದುದರಿಂದ. ನೀರಿನ ಹಗೇವಿಗೆ ಆ ಯಜಮಾನಿಕೆಯನ್ನು ಊರು ವಹಿಸಿಕೊಳ್ಳುವವರೆಗೆ, ಕೃಷ್ಣೆ ಎಷ್ಟು ಹರಿದರೂ ಬಾಲದ ರೈತನ ಹೊಲ ಒಣಗುತ್ತಲೇ ಇರುವುದು.