ಹಳೆಯ ಪತ್ರಿಕೆಗಳೂ ಮಕ್ಕಳ ಕೈಗೆಲಸವೂ

ಮನೆಗೆ ಬರುವ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಓದಿ ಮುಗಿಸಿದ ಬಳಿಕ ಅವುಗಳ ಗತಿ ಏನಾಗುವುದೆಂಬುದು ವಾಚಕರೆಲ್ಲರಿಗೂ ತಿಳಿದುದೇ. ಕೆಲವು ಕಾಲ ಮೂಲೆಯಲ್ಲಿ ಬಿದ್ದಿದ್ದು, ಧೂಳು ಹಿಡಿದು, ಕಡೆಗೊಂದು ದಿನ ತಕ್ಕಡಿಯೇರಿ ರದ್ದಿಯವನ ಗೋಣಿಯನ್ನು ಸೇರುವುವು. ಅದರಿಂದ ಕೈಗೆ ಬರುವ ಹಣವು ಅತ್ಯಲ್ಪ. ಆ ಕಟ್ಟಿನಿಂದ ತಿಂಗಳಿಗೆ ಎರಡು ಮೂರು ಸಂಚಿಕೆಗಳನ್ನು ತೆಗೆದು ಮಕ್ಕಳ ಕೈಗೆ ಕೊಟ್ಟಲ್ಲಿ, ರಜಾದಿನಗಳ ಮಧ್ಯಾಹ್ನವು ಕಲಹವಿಲ್ಲದೆ ಕಳೆಯುವುದಲ್ಲದೆ, ಪುಸ್ತಕದ ಪಾಠದಿಂದ ಸುಲಭವಾಗಿ ಬಾರದ ಕೆಲವು ವಿಷಯಗಳು ಅವರಿಗೆ ಬೆರಳುಗಳ ಮೂಲಕ ಬರುವುವು.

ಕಾಗದವೆಂದರೆ ಸರಸ್ವತಿ, ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಮಕ್ಕಳಿಗೆ ಪತ್ರಿಕೆಯನ್ನೂ ಕತ್ತರಿಯನ್ನೂ ಒಟ್ಟಿಗೆ ಕೊಡಬಹುದೇ, ಎಂದು ಹಿರಿಯರು ಆಕ್ಷೇಪಿಸುವುದುಂಟು. ಈ ಮಾತನ್ನು ನಗೆಯಾಡಿ ತಳ್ಳಿಹಾಕತಕ್ಕದ್ದಲ್ಲ. 1919ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ‘ಪ್ರಬುದ್ಧ ಕರ್ನಾಟಕ’, 1922ರಲ್ಲಿ ಧಾರವಾಡದಲ್ಲಿ ಹುಟ್ಟಿದ ‘ಜಯಕರ್ನಾಟಕ’ ಮೊದಲಾದವುಗಳ ಹಳೆಯ ಸಂಚಿಕೆಗಳು ಇನ್ನೂ ಕೆಲವರ ಅಟ್ಟದ ಮೇಲೆ ಇದ್ದಾವು. ಅಂಥವಕ್ಕೆ ಕತ್ತರಿ ತಾಗಿಸಕೂಡದು, ಗ್ರಂಥಾಲಯದವರಿಗೆ ತೋರಿಸಬೇಕು. ಆದಕಾರಣ ಮನೆಯಲ್ಲಿ ಒಂದು ಕಟ್ಟಳೆ ಇರಲಿ: ಮಕ್ಕಳಿಗೆ ಕೊಡಬಹುದಾದ ಸಂಚಿಕೆಯ ಮುಖಪುಟದ ಮೇಲೆ ಅಜ್ಜನೋ ಅಜ್ಜಿಯೋ ಸಹಿ ಹಾಕಿಕೊಡಲಿ, ಸಹಿಯಿಲ್ಲದುದನ್ನು ಯಾರೂ ಹರಿಯತಕ್ಕದ್ದಲ್ಲ. ಹೀಗೆ ಮಾಡುವುದರಿಂದ ಹಿರಿಯರಿಗೂ ಸಮಾಧಾನ. ಕೊಡುವ ಮೊದಲು ನಡುಹೊಲಿಗೆಯ ತಂತಿಯ ಪಿನ್ನುಗಳನ್ನು ಮಾತ್ರ ಮರೆಯದೆ ಕಿತ್ತಿಡಬೇಕು.

ಮೊದಲು ಮಡಿಸುವ ಕೆಲಸ. ಇದು ನಮಗೆ ಹೊಸದೇನೂ ಅಲ್ಲ. ಮಳೆನೀರಿನಲ್ಲಿ ಬಿಡುವ ದೋಣಿ, ಕಡಲೆಕಾಯಿ ಮಾರುವವನು ಸುತ್ತಿಕೊಡುವ ಪೊಟ್ಟಣ, ಜೂನ್ ತಿಂಗಳಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುವುದು, ಇವೆಲ್ಲವೂ ಇದರ ಬಗೆಗಳೇ. ಇದನ್ನು ಶಿಶುಶಿಕ್ಷಣದ ಅಂಗವನ್ನಾಗಿ ಮಾಡಿದವರಲ್ಲಿ ಜರ್ಮನಿಯ ಫ್ರೊಬೆಲ್ ಪಂಡಿತನು (1782–1852) ಮುಖ್ಯನು. 1840ರಲ್ಲಿ ತನ್ನ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟವನೂ ಅವನೇ. ಅವನ ಪದ್ಧತಿಯಂತೆ ಮಕ್ಕಳಿಗೆ ಕೊಡುತ್ತಿದ್ದ ಬಣ್ಣದ ಚೌಕಗಳನ್ನು ಕಂಡು, ಮದ್ರಾಸ್ ಪ್ರಾಂತದ ಟಿ. ಸುಂದರರಾಯರು ಕಾಗದವನ್ನು ಮಡಿಸುವುದರಿಂದಲೇ ರೇಖಾಗಣಿತವನ್ನು ಕಲಿಸುವ ಒಂದು ಇಂಗ್ಲಿಷ್ ಗ್ರಂಥವನ್ನು 1893ರಲ್ಲಿ ಮದ್ರಾಸಿನಲ್ಲಿ ಅಚ್ಚು ಮಾಡಿಸಿದರು. ಜರ್ಮನಿಯ ಮಹಾಗಣಿತಜ್ಞನಾದ ಫೆಲಿಕ್ಸ್ ಕ್ಲೈನನು ಅದನ್ನು ತನ್ನ ಗ್ರಂಥದಲ್ಲಿ ಹೆಸರಿಸಿದನು. 1901ರಲ್ಲಿ ಅದು ಚಿಕಾಗೋ ನಗರದಲ್ಲಿ ಪುನಃ ಅಚ್ಚಾಯಿತು. ನಮ್ಮ ನೆರೆಯವರೊಬ್ಬರ ಈ ಕೀರ್ತಿಯು ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿಯದಿರುವುದು ವಿಷಾದಕರ.

ಆ ಮಾರ್ಗದ ಒಂದು ಮಡಿಕೆಯನ್ನು ಇಲ್ಲಿ ಹೇಳುವೆನು. ಪತ್ರಿಕೆಯ ಒಂದು ಹಾಳೆಯ ಮೇಲ್ಮೂಲೆಯನ್ನು ಎದುರಿನ ಅಂಚಿಗೆ ಓರೆಯಾಗಿ ಕೂಡಿಸಿ ಮಡಿಸಿ, ಉಳಿದ ಪಟ್ಟಿಯನ್ನು ತೆಗೆದರೆ, ಅಳತೆಕೋಲಿಲ್ಲದೆಯೇ ಒಂದು ಚೌಕವಾಗುವುದು. ಎಡ ಬಲ ಅಂಚುಗಳು ಕೂಡುವಂತೆ ಅದನ್ನು ಮಡಿಸಿ ಬಿಡಿಸಿದರೆ ನೆಟ್ಟಗೆ ಒಂದು ನಡುಗೆರೆ ಉಳಿಯುವುದು. ಈಗ ಕೆಳಗಿನ ಬಲಮೂಲೆಯನ್ನು ಎತ್ತಿ, ಮಡಿಕೆಯು ಕೆಳಗಿನ ಎಡಮೂಲೆಯ ಮೂಲಕವೇ ಹಾಯುವಂತೆ ನೋಡಿಕೊಂಡು, ಆ ನಡುಗೆರೆಯ ಮೇಲೆ ತಂದಿಡಬೇಕು. ಅದು ಮುಟ್ಟಿದಲ್ಲಿ ಒಂದು ಚುಕ್ಕೆಯನ್ನಿಟ್ಟು ಬಿಡಿಸಿ, ಚುಕ್ಕೆಯಿಂದ ಕೆಳಗಿನ ಎರಡು ಮೂಲೆಗಳಿಗೂ ಮಡಿಕೆ ಹಾಕಿದರೆ, ಮೂರು ಬಾಹುಗಳೂ ಸಮನಾದ ತ್ರಿಕೋನವು ಸಿದ್ಧ. ಒಂದೊಂದು ಕೋನವೂ ಸರಿಯಾಗಿ 60 ಅಂಶ. ಏಕೆ ಹೀಗಾಯಿತೆಂದು ಹತ್ತು ವರ್ಷದ ಮಗುವನ್ನು ಕೇಳಿ ನೋಡಿ. ಕೆಳಗಿನ ಅಂಚೇ ಎದ್ದು ಓರೆಯಾಗಿ ನಿಂತಿತಲ್ಲವೆ, ಅದರ ಉದ್ದ ಹೇಗೆ ಬದಲಾದೀತು, ಎಂದು ಅದು ತಾನಾಗಿ ಕಂಡುಕೊಳ್ಳುವವರೆಗೆ ಕಾಯಬೇಕು. ಒಂದು ದಿನ ತಡವಾದರೂ ಚಿಂತೆಯಿಲ್ಲ.

ಈ ಕಾಯುವುದೇ ನಮಗೆ ಕಷ್ಟ. ಮಗುವಿನ ಮಡಿಕೆ ಸ್ವಲ್ಪ ಸೊಟ್ಟಗಾಯಿತೋ, ತಾಯಿಯೋ ಚಿಕ್ಕಪ್ಪನೋ ಕಾಗದವನ್ನು ಕಿತ್ತುಕೊಂಡು, “ಹೀಗಲ್ಲ, ಕೊಡಿಲ್ಲಿ” ಎಂದು ತಾವೇ ಮುಗಿಸಿಬಿಡುವರು. ಕೊಕ್ಕರೆಯೇನೋ ಅಂದವಾಗಿರುವುದು, ಅದು ಮಗುವಿನದಲ್ಲ. ಆ ಮಗು ಮುಂದಿನ ಸಲ ಕಾಗದವನ್ನು ತಾನೇ ತಂದು ನಮ್ಮ ಕೈಗೆ ಕೊಟ್ಟು, “ನೀವೇ ಮಾಡಿಕೊಡಿ” ಎನ್ನುವುದು. ಮಡಿಕೆಯಲ್ಲಿ ಇರುವ ವಿಶೇಷವೇ ಇದು: ಮೊದಲ ಮಡಿಕೆ ಕೂದಲೆಳೆಯಷ್ಟು ತಪ್ಪಿದರೆ ನಾಲ್ಕನೆಯದರಲ್ಲಿ ಕಡ್ಡಿಯಷ್ಟು ತಪ್ಪಾಗಿ ಕಣ್ಣಿಗೆ ಕಾಣುವುದು. ಕಾಗದವೇ ತಪ್ಪನ್ನು ತೋರಿಸುತ್ತಿರುವಾಗ ನಾವು ಬಾಯಿ ಹಾಕುವ ಅಗತ್ಯವಿಲ್ಲ. ಹಿರಿಯರು ಬೇರೆ ಹಾಳೆಯನ್ನು ತೆಗೆದುಕೊಂಡು, ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕುಳಿತು ಮಡಿಸಲಿ. ಎದುರಿಗೆ ಕುಳಿತರೆ ಎಡವು ಬಲವಾಗಿ ಮಗು ತಬ್ಬಿಬ್ಬಾಗುವುದು.

ಹಾಳೆಯನ್ನು ಅರ್ಧಕ್ಕರ್ಧ ಮಡಿಸುತ್ತ ಪದರಗಳನ್ನು ಎಣಿಸುವುದೂ ಒಂದು ಆಟ. ಎರಡು, ನಾಲ್ಕು, ಎಂಟು ಎನ್ನುತ್ತ ಏಳನೆಯ ಮಡಿಕೆಗೆ 128 ಆಗುವುದು. ಬಹುಮಟ್ಟಿಗೆ ಅಷ್ಟರೊಳಗೇ ಕೈ ಸೋಲುವುದು. 2002ರಲ್ಲಿ ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ವಿದ್ಯಾರ್ಥಿನಿಯು ಬಹು ಉದ್ದವಾದ ತೆಳುಕಾಗದವನ್ನು 12 ಸಲ ಮಡಿಸಿ ತೋರಿಸಿದಳೆಂದು ಹೇಳಿದರೆ ಮಕ್ಕಳು ಸುಮ್ಮನಿರಲಾರರು.

ಇನ್ನು ಹರಿಯುವುದು. ಚಿಕ್ಕ ಮಕ್ಕಳಿಗೆ ಕತ್ತರಿಗಿಂತ ಮೊದಲು ಇದನ್ನೇ ಕಲಿಸಬೇಕು. ಪುಟವನ್ನು ಒಂದು ದಿಕ್ಕಿಗೆ ಹರಿದರೆ ಪಟ್ಟಿಯು ನೆಟ್ಟಗೆ ಬರುವುದು. ಅಡ್ಡಲಾಗಿ ಹರಿದರೆ ಸೊಟ್ಟಪಟ್ಟ ಹೋಗುವುದು. ಯಂತ್ರದಲ್ಲಿ ಕಾಗದವು ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರವು ಓಡುವ ದಿಕ್ಕಿಗೇ ಮಲಗುವುದರಿಂದ ಹೀಗಾಗುವುದು. ನುಣುಪಾದ ಚಿತ್ರದ ಪುಟವನ್ನು ಹರಿದಾಗ ಒಂದು ತುಣುಕಿನ ಅಂಚಿನಲ್ಲಿ ಬಿಳಿಯ ಗೆರೆ ಕಾಣಿಸುವುದು. ಎಳೆಯುವ ಕೈಯನ್ನು ಬದಲಿಸಿದರೆ ಆ ಬಿಳುಪು ಇನ್ನೊಂದು ತುಣುಕಿಗೆ ಹೋಗುವುದು. ಕಡಲಿನ ಅಲೆಗೆ ನೊರೆ ಬೇಕಾದಾಗ ಮಕ್ಕಳು ಇದನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುವರು.

ಅಂಟುಚಿತ್ರವನ್ನು ಚಿತ್ರಕಾರರು ಕೊಲಾಜ್ ಎನ್ನುವರು; ಅಂಟಿಸುವುದೆಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು. 1912ರಲ್ಲಿ ಪಿಕಾಸೋ ಮತ್ತು ಬ್ರಾಕ್ ಎಂಬ ಚಿತ್ರಕಾರರು ಇದಕ್ಕೆ ಮರ್ಯಾದೆ ತಂದರು. ಮಕ್ಕಳ ಅಂಟುಚಿತ್ರಕ್ಕೆ ಒಂದೇ ನಿಯಮ ಸಾಕು: ಆನೆ ಬೇಕಾದರೆ ಪತ್ರಿಕೆಯಲ್ಲಿರುವ ಆನೆಯನ್ನು ಕತ್ತರಿಸಿ ಅಂಟಿಸಬಾರದು. ಬೂದುಬಣ್ಣವನ್ನು ಹುಡುಕಬೇಕು. ಅದು ಮೋಟಾರು ಕಾರಿನ ಜಾಹೀರಾತಿನಲ್ಲಿ ಸಿಕ್ಕೀತು, ಮೋಡದಲ್ಲಿ ಸಿಕ್ಕೀತು. ಸೀರೆಯ ಅಂಗಡಿಯ ಜಾಹೀರಾತಿನ ಹಸುರು ಬಾಳೆಯ ಎಲೆಯಾಗುವುದು. ಚಿನ್ನದ ಹಾರದ ಪುಟವು ಮಾಗಿದ ಭತ್ತದ ಗದ್ದೆಯಾಗುವುದು. ನಮ್ಮನ್ನು ಮರುಳುಗೊಳಿಸಲು ಅಚ್ಚಾದ ಪುಟವು ಮಗುವಿನ ಕೈಯಲ್ಲಿ ಬರಿಯ ಹಳದಿಯಾಗಿಬಿಡುವುದನ್ನು ನೋಡುವುದು ನನಗಂತೂ ಬಹಳ ಸಂತೋಷದ ವಿಷಯ!

ಮನೆಯ ಅಜ್ಜಿಯರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು. ಇಂಗ್ಲೆಂಡಿನ ಮೇರಿ ಡಿಲೇನಿ (1700–1788) ಎಂಬಾಕೆಯು ತನ್ನ 70 ವರ್ಷ ಕಳೆದ ಮೇಲೆ ಬಣ್ಣದ ಕಾಗದದ ಚೂರುಗಳಿಂದ ಹೂಗಳನ್ನು ಅಂಟಿಸಲು ತೊಡಗಿ, ಕಣ್ಣು ಮಂಜಾಗುವವರೆಗೆ ಸುಮಾರು ಒಂದು ಸಾವಿರ ಚಿತ್ರಗಳನ್ನು ಮಾಡಿದಳು. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಅಂಟಿಗೆ ಅಂಗಡಿಯ ಗೋಂದು ಬೇಡ. ಒಂದು ಪಾಲು ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ನಾಲ್ಕೈದು ಪಾಲು ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಸಾಕು. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಮೈಲುತುತ್ತವನ್ನು ಸೇರಿಸುವುದುಂಟು. ಅದು ವಿಷ, ಮಕ್ಕಳಿರುವಲ್ಲಿ ಸರ್ವಥಾ ಕೂಡದು. ಅಂಟನ್ನು ತೆಳ್ಳಗೆ ಸವರಬೇಕು, ಇಲ್ಲವಾದರೆ ಕಾಗದವು ಸುಕ್ಕುಗಟ್ಟುವುದು. ಹಲಗೆಗೆ ಬದಲಾಗಿ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವು ಬಲು ಅನುಕೂಲ. ಕೆಲಸವಾದ ಬಳಿಕ ಮಸಿಯ ಕೈಗಳನ್ನು ತೊಳೆಸಬೇಕು.

ಉಳಿದ ಚೂರುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡಿರಿ. ನೆನೆಸಿದ ಕಾಗದವನ್ನು ಮೆಂತ್ಯದೊಡನೆ ರುಬ್ಬಿ ಮೊರಕ್ಕೂ ಬುಟ್ಟಿಗೂ ಮೆತ್ತುವ ಹಳೆಯ ಕ್ರಮವನ್ನು ಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅದರ ವಿಧಾನವನ್ನು ಮುಂದಿನ ತಿಂಗಳು ನೋಡೋಣ.