ಫೈರ್‌ವಾಲ್ ಆಫ್ ಮಾಡುವ ಮೊದಲು

ಲ್ಯಾಬ್‌ನಲ್ಲಿ ಎರಡು ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸದಿದ್ದರೆ ಹಿಂದಿನ ಬೆಂಚಿನಿಂದ ಬರುವ ಸಲಹೆ ಯಾವಾಗಲೂ ಒಂದೇ: "ಫೈರ್‌ವಾಲ್ ಆಫ್ ಮಾಡು ಮಾರಾಯ." ಯೂಟ್ಯೂಬ್ ವಿಡಿಯೋಗಳೂ ಹೀಗೆಯೇ ಹೇಳುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಚಿಕಿತ್ಸೆಗೆ ನನ್ನ ವಿರೋಧವಿದೆ.

ದ್ವಿತೀಯ ಪಿಯುಸಿಯ ನಾವು ಕೆಲವರು ನೋಟ್ಸ್ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಂಚಿಕೊಳ್ಳಲು ಸಿಂಕ್‌ಥಿಂಗ್ ಎಂಬ ಉಚಿತ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಫೈಲ್‌ಗಳನ್ನು ಇಟ್ಟುಕೊಳ್ಳುವ ಸರ್ವರ್ ನಡುವೆ ಇಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರ. ಪಾಠದಲ್ಲಿ ಪೀರ್ ಟು ಪೀರ್ ಎಂದು ಓದಿದ್ದು ಇದನ್ನೇ. ಎರಡೂ ಒಂದೇ ವೈಫೈಯಲ್ಲಿದ್ದರೆ ಇಂಟರ್ನೆಟ್ ಕೂಡ ಬೇಡ. ಪೇಟೆಯಲ್ಲಿ ಮನೆ ಇರುವವರಿಗೆ ಇದು ದೊಡ್ಡದಲ್ಲ. ಆದರೆ ಜಡ್ಕಲ್, ಮುದೂರು ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳೆಯರನ್ನು ಕೇಳಿ. ವಾಟ್ಸಾಪ್ ಗ್ರೂಪಿಗೆ ರಾತ್ರಿ ಬಿದ್ದ ಪಿಡಿಎಫ್ ಅವರಿಗೆ ಸಿಗುವುದು ಮರುದಿನ ಸಿಗ್ನಲ್ ಬಂದಾಗ. ಕಾಲೇಜಿನಲ್ಲೇ ಎಲ್ಲವೂ ಫೋನಿಗೆ ಇಳಿದರೆ ಮನೆಯಲ್ಲಿ ಕೂತು ಓದಬಹುದು.

ಆದ್ದರಿಂದ ಅದು ಕನೆಕ್ಟ್ ಆಗದಿದ್ದಾಗ ಯಾಕೆ ಎಂದು ಹುಡುಕುವುದು ಮುಖ್ಯ. ಎಷ್ಟೋ ಬಾರಿ ತೊಂದರೆ ಬಹಳ ಸಣ್ಣದು. ಸಿಂಕ್‌ಥಿಂಗ್‌ನಲ್ಲಿ ಪ್ರತಿ ಯಂತ್ರಕ್ಕೂ 56 ಅಕ್ಷರಗಳ ಗುರುತು ಇರುತ್ತದೆ. ನಾನು ನಿನ್ನದನ್ನು ಸೇರಿಸಿಕೊಂಡರೆ ಸಾಲದು, ನೀನೂ ನನ್ನದನ್ನು ಒಪ್ಪಬೇಕು. ಫೋನಿನಲ್ಲಾದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನೇ ಮಲಗಿಸಿಬಿಟ್ಟಿರುತ್ತದೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಇನ್ನೊಂದು ಅಪಾಯ: ಒಂದೇ ಫೈಲನ್ನು ಇಬ್ಬರೂ ತಿದ್ದಿದಾಗ ಯಾವುದು ಹೊಸದು ಎಂದು ಸಾಫ್ಟ್‌ವೇರ್ ಗಡಿಯಾರ ನೋಡಿಯೇ ತೀರ್ಮಾನಿಸುತ್ತದೆ.

ಇನ್ನು ಫೈರ್‌ವಾಲ್. ವಿಂಡೋಸ್ ನಮ್ಮ ವೈಫೈಯನ್ನು 'ಪಬ್ಲಿಕ್' ಎಂದು ಭಾವಿಸಿದ್ದರೆ ಹೊರಗಿನಿಂದ ಬರುವವರನ್ನು ತಡೆಯುತ್ತದೆ. ಅದು ಅದರ ಕೆಲಸ. ನಂಬಿಕೆಯ ನೆಟ್‌ವರ್ಕನ್ನು 'ಪ್ರೈವೇಟ್' ಮಾಡಿ, ಆ ಒಂದು ಸಾಫ್ಟ್‌ವೇರಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ಒಬ್ಬ ನೆಂಟ ಬರುತ್ತಾನೆಂದು ಮನೆಯ ಬಾಗಿಲನ್ನೇ ಕಿತ್ತಿಡುತ್ತೇವೆಯೇ?

ಮನೆಯಿಂದ ಮನೆಗೆ ಜೋಡಿಸುವಾಗ ವಿಡಿಯೋಗಳು ಕೊಡುವ ಇನ್ನೊಂದು ಸಲಹೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್. ಮೊಬೈಲ್ ಡೇಟಾದಲ್ಲೂ ಎಷ್ಟೋ ಬ್ರಾಡ್‌ಬ್ಯಾಂಡ್‌ನಲ್ಲೂ ಇದರಿಂದ ಏನೂ ಆಗುವುದಿಲ್ಲ. ಐಪಿವಿ4 ವಿಳಾಸಗಳು ಸಾಲದೆ, ಕಂಪೆನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇಡೀ ಹಾಸ್ಟೆಲಿಗೆ ಒಂದೇ ಫೋನ್ ಇದ್ದಂತೆ: ಒಳಗಿನಿಂದ ಕರೆ ಹೋಗುತ್ತದೆ, ಹೊರಗಿನ ಕರೆ ಯಾವ ಕೋಣೆಗೆ ಎಂದು ಗೊತ್ತಾಗುವುದಿಲ್ಲ. ಪತ್ತೆ ಸುಲಭ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನೀವೂ ಆ ಹಾಸ್ಟೆಲಿನಲ್ಲಿದ್ದೀರಿ. 2012ರಲ್ಲಿ ಈ ಉದ್ದೇಶಕ್ಕೆಂದೇ ಮೀಸಲಿಟ್ಟ ವಿಳಾಸಗಳವು. ಆಗ ಪೋರ್ಟ್ ತೆರೆಯುತ್ತಾ ರಾತ್ರಿ ಕಳೆಯಬೇಡಿ. ಎರಡೂ ಕಡೆ ಐಪಿವಿ6 ಇದ್ದರೆ ನೇರ ಸಂಪರ್ಕ ಸಿಗಬಹುದು. ಇಲ್ಲದಿದ್ದರೆ ಸಿಂಕ್‌ಥಿಂಗ್ ತಾನಾಗಿಯೇ ರಿಲೇ ಮೂಲಕ ಹೋಗುತ್ತದೆ. ನಿಧಾನ, ಆದರೆ ಗೂಢಲಿಪಿಯಲ್ಲಿರುವುದರಿಂದ ನಡುವಿನವರು ಓದಲಾರರು.

ಕಾಲೇಜಿನ ವೈಫೈಯಲ್ಲಿ ಮಾತ್ರ ನೇರ ಸಂಪರ್ಕ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರ ಫೋನ್ ಇನ್ನೊಬ್ಬರದನ್ನು ಮುಟ್ಟದಂತೆ ಬೇರ್ಪಡಿಸಿದ್ದಾರೆ. ಇದನ್ನು ತೆಗೆಯಿರಿ ಎಂದು ಹಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟೊಂದು ಫೋನ್‌ಗಳಲ್ಲಿ ಒಂದಕ್ಕೆ ವೈರಸ್ ತಗುಲಿದರೂ ಎಲ್ಲರಿಗೂ ಕಷ್ಟ. ನಾನು ಕೇಳುವುದು ಬೇರೆ: ಲ್ಯಾಬ್‌ನಲ್ಲಿ ಪ್ರತ್ಯೇಕವಾಗಿ ಒಂದು ಹಳೆಯ ರೂಟರ್ ಇಡಿ. ಇಂಟರ್ನೆಟ್ ಕೇಬಲ್ ಚುಚ್ಚುವುದೇ ಬೇಡ. ಅದಕ್ಕೆ ಒಂದು ಕಂಪ್ಯೂಟರ್ ಜೋಡಿಸಿ, ಉಪನ್ಯಾಸಕರು ನೋಡಿ ಒಪ್ಪಿದ ನೋಟ್ಸ್ ಮಾತ್ರ ಅದರಲ್ಲಿರಲಿ, ನಮ್ಮ ಫೋನ್‌ಗಳು ಅದರಿಂದ ಪಡೆಯಲಷ್ಟೇ ಸಾಧ್ಯವಾಗಲಿ. ಆ ಆಯ್ಕೆಯೂ ಸಿಂಕ್‌ಥಿಂಗ್‌ನಲ್ಲಿದೆ. ಯಾರದೋ ಮನೆಯ ಅಟ್ಟದಲ್ಲಿ ಅಂಥ ರೂಟರ್ ಖಂಡಿತ ಬಿದ್ದಿರುತ್ತದೆ. ಊಟದ ಬಿಡುವಿನಲ್ಲಿ ಅದನ್ನು ನೋಡಿಕೊಳ್ಳಲು ನಮ್ಮ ಬ್ಯಾಚಿನ ನಾಲ್ವರು ಸಿದ್ಧರಿದ್ದೇವೆ. ಪೂರ್ವಸಿದ್ಧತಾ ಪರೀಕ್ಷೆಯ ಮೊದಲು ಅನುಮತಿ ಸಿಕ್ಕರೆ ಮುದೂರಿನ ಬಸ್ಸಿನವರಿಗೆ ಈ ವರ್ಷವೇ ಉಪಯೋಗವಾಗುತ್ತದೆ.