ಕಂಬ್ಯಾಕ್ ಕಥೆಗಳ ಬಗ್ಗೆ ಒಂದು ತಕರಾರು

ಮೋಟಿವೇಷನ್ ಭಾಷಣ ಮಾಡೋರ ಕೈಗೆ ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ಕಥೆ ಸಿಕ್ಕರೆ ಹಬ್ಬ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಒಂದು ಸಣ್ಣ ಊರು. ಅಲ್ಲಿನ ಜೂನಿಯರ್ ಐಸ್ ಹಾಕಿ ತಂಡ 1974ರಲ್ಲಿ ಬೇರೆ ಊರಿಗೆ ಹೋಗಿತ್ತು, 1986ರಲ್ಲಿ ವಾಪಸ್ ಬಂತು. ಅದೇ ಡಿಸೆಂಬರ್ 30ಕ್ಕೆ ಪಂದ್ಯಕ್ಕೆಂದು ಹೊರಟ ಬಸ್ಸು ಊರಾಚೆ ಮಂಜುಗಟ್ಟಿದ ರಸ್ತೆಯಲ್ಲಿ ಜಾರಿ ಉರುಳಿತು. ಹಿಂದೆ ಕೂತಿದ್ದ ನಾಲ್ಕು ಹುಡುಗರು ತೀರಿಕೊಂಡರು. 1989ರಲ್ಲಿ ಅದೇ ತಂಡ ಫೈನಲ್‌ನಲ್ಲಿ ಸಸ್ಕಟೂನ್ ತಂಡವನ್ನು ಅದರ ಊರಲ್ಲೇ, ಹೆಚ್ಚುವರಿ ಸಮಯದಲ್ಲಿ ಸೋಲಿಸಿ ಮೆಮೋರಿಯಲ್ ಕಪ್ ಗೆದ್ದಿತು.

ಚಪ್ಪಾಳೆ ಹೊಡೆಯೋಕೆ ಇಷ್ಟು ಸಾಕು. ನನ್ನ ತಕರಾರು ಇರೋದೇ ಇಲ್ಲಿ.

ಆ ಗೆಲುವಿನ ಕೀರ್ತಿ ಹೋಗಿದ್ದು ಕೋಚ್ ಗ್ರಹಾಂ ಜೇಮ್ಸ್‌ಗೆ. 'ದಿ ಹಾಕಿ ನ್ಯೂಸ್' ಪತ್ರಿಕೆ ಆತನನ್ನು 1989ರ ವರ್ಷದ ವ್ಯಕ್ತಿ ಅಂತ ಕರೆಯಿತು. ಅದೇ ವರ್ಷಗಳಲ್ಲಿ ಆತ ತನ್ನ ಆಟಗಾರ ಶೆಲ್ಡನ್ ಕೆನಡಿ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದ. ಕೆನಡಿ ದೂರು ಕೊಟ್ಟ ಮೇಲೆ 1997ರಲ್ಲಿ ತಪ್ಪೊಪ್ಪಿಕೊಂಡ; ಸಿಕ್ಕಿದ್ದು ಮೂರೂವರೆ ವರ್ಷ ಜೈಲು. 2007ರಲ್ಲಿ ಸರ್ಕಾರದಿಂದ ಕ್ಷಮಾದಾನವೂ ಸಿಕ್ಕಿತು. ಆಮೇಲೆ ಇನ್ನಷ್ಟು ಆಟಗಾರರು ದೂರು ಕೊಟ್ಟು ಮತ್ತೆ ಶಿಕ್ಷೆಯಾಯಿತು.

ಅಪಘಾತದ ನಂತರ ಹುಡುಗರಿಗೆ ಆಪ್ತಸಮಾಲೋಚನೆ ಸಿಗದಂತೆ ನೋಡಿಕೊಂಡವನೂ ಇವನೇ ಅಂತ ಬದುಕುಳಿದ ಆಟಗಾರರು ಹೇಳಿದ್ದಾರೆ. ಹೊರಗಿನವರ ಮುಂದೆ ಹುಡುಗರು ಬಾಯಿಬಿಟ್ಟಿದ್ದರೆ ಬಸ್ಸಿನ ವಿಷಯಕ್ಕೇ ಮಾತು ನಿಲ್ಲುತ್ತಿತ್ತು ಅಂತ ಯಾರು ಹೇಳೋಕಾಗುತ್ತೆ? ನಾವು 'ಛಲ' ಅಂತ ಕೊಂಡಾಡೋದರಲ್ಲಿ ಎಷ್ಟು ಪಾಲು ಮೌನ ಇತ್ತು ಅಂತ ಕೇಳಲೇಬೇಕು.

"ಊರಿಗೆ ಪಾಪ ಏನು ಗೊತ್ತಿತ್ತು?" ಅಂತೀರಾ. ಪ್ರಶ್ನೆ ಅದಲ್ಲ. ಜೂನಿಯರ್ ಹಾಕಿ ನಡೆಯೋ ರೀತಿ ನೋಡಿ: ಹದಿನಾರು, ಹದಿನೇಳರ ಹುಡುಗರು ಮನೆ ಬಿಟ್ಟು ಬಂದು ಯಾರದೋ ಮನೆಯಲ್ಲಿ ಉಳಿದುಕೊಳ್ತಾರೆ. ಯಾರು ಆಡಬೇಕು, ಯಾರು ಬೆಂಚಲ್ಲಿ ಕೂರಬೇಕು, ಇವೆಲ್ಲ ಒಬ್ಬನ ಕೈಲಿ. ಎನ್‌ಎಚ್‌ಎಲ್ ಕನಸಿಗೂ ಅವನೇ ಬಾಗಿಲು. ಅವನ ಮೇಲೇ ದೂರಿದ್ದರೆ ಹುಡುಗ ಯಾರ ಹತ್ತಿರ ಹೋಗಬೇಕಿತ್ತು?

"ಹಾಗಂತ ಕಪ್ ಸುಳ್ಳಾ?" ಖಂಡಿತ ಅಲ್ಲ. ಮಂಜಿನ ಮೇಲೆ ಓಡಿದ್ದು ಹುಡುಗರು, ಗೆದ್ದಿದ್ದೂ ಅವರೇ. ಅವರ ಗೆಲುವನ್ನು ಯಾರೂ ಕಿತ್ತುಕೊಳ್ಳೋದು ಬೇಡ. ಆದರೆ ಗೆಲುವು ತೋರಿಸಿ ನಾಯಕತ್ವದ ಪಾಠ ಹೇಳೋದನ್ನ ನಿಲ್ಲಿಸೋಣ. ಸ್ಕೋರ್‌ಬೋರ್ಡ್ ನೋಡಿ ಕೋಚ್‌ಗೆ ಒಳ್ಳೆಯವನು ಅಂತ ಸರ್ಟಿಫಿಕೇಟ್ ಕೊಟ್ಟಿದ್ದಕ್ಕೇ ಅಲ್ವಾ ಅವನ ಮೇಲೆ ಅನುಮಾನ ಪಡೋದು ಅಷ್ಟು ಕಷ್ಟವಾಗಿದ್ದು?

ಕೆನಡಿ ಮಾಡಿದ್ದು ಬೇರೆ. 1998ರಲ್ಲಿ ರೋಲರ್‌ಬ್ಲೇಡ್ ಹಾಕಿಕೊಂಡು ಕೆನಡಾ ಉದ್ದಕ್ಕೂ ಸಾಗಿ ದೌರ್ಜನ್ಯದ ಬಗ್ಗೆ ಮಾತಾಡಿದ. ಆಮೇಲೆ ಕೋಚ್‌ಗಳಿಗೇ ತರಬೇತಿ ಕೊಡುವ 'ರೆಸ್ಪೆಕ್ಟ್ ಇನ್ ಸ್ಪೋರ್ಟ್' ಕಟ್ಟಿದ. ಸುಮ್ಮನೆ ಸಹಿಸಿಕೋ ಅನ್ನಲಿಲ್ಲ, ಹೇಳಿಕೊಳ್ಳೋಕೆ ದಾರಿ ಮಾಡಿದ.

ಮುಂದಿನ ಸಲ ನಿಮ್ಮ ಆಫೀಸಲ್ಲಿ ಯಾರಾದರೂ ಬ್ರಾಂಕೋಸ್ ಥರದ ಕಂಬ್ಯಾಕ್ ಕಥೆ ಹೇಳಿದರೆ, ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಬಾಸ್ ಮೇಲೇ ದೂರಿದ್ದರೆ, ಅವರ ಕೈಗೆ ಸಿಗದ ಯಾರ ಹತ್ತಿರ ಹೋಗಬೇಕು?